ಕ್ಲೈವ್‌ನದಕ್ಕಿಂತ ದೊಡ್ಡ ಎಂಜಿನ್ನು

ಹೋರೇಸ್ ಟಾಪ್ಲಿಸ್ ನಮ್ಮ ವರ್ಕ್ಸ್‌ವರ್ತ್ ಊರಿನ ಸುಣ್ಣಕಲ್ಲಿನ ಗಣಿಯಲ್ಲಿ ಲಾರಿ ತೂಗುವ ಕೆಲಸ ಮಾಡಿ ನಿವೃತ್ತನಾದವನು. ಮನೆಯ ಹಿಂದಿನ ತೋಟದಲ್ಲಿ ಅವನು ಹಾಕಿದ್ದ ಪುಟ್ಟ ರೈಲುಹಳಿ ಹುಲ್ಲುಹಾಸನ್ನು ಬಳಸಿ ಬಂದು, ಹುಳಿ ದಂಟಿನ ರೂಬಾರ್ಬ್ ಗಿಡಗಳ ಪಾತಿಯ ಮಗ್ಗುಲಲ್ಲಿ ಗಕ್ಕನೆ ತಿರುಗಿ, ಶೆಡ್ಡಿನ ಬಾಗಿಲಿಗೆ ಸೇರುತ್ತಿತ್ತು. ಎಂಜಿನ್ನು ಬೂಟಿನ ಡಬ್ಬಿಯಷ್ಟು ಉದ್ದ, ಬ್ಯಾಟರಿಯದು. ಅದರ ಹೊಟ್ಟೆಯಲ್ಲಿ ಕೂರಿಸಿದ ಸ್ಪೀಕರು ಛುಕ್ ಛುಕ್ ಎನ್ನುತ್ತಿತ್ತು. ಬೇಸಿಗೆಯ ಭಾನುವಾರ ಬಂದರೆ ಈ ಹುಚ್ಚು ಹತ್ತಿದ ನಾವು ಕೆಲವರು ಅಲ್ಲಿ ಸೇರುತ್ತಿದ್ದೆವು. ಅವನ ಹೆಂಡತಿ ಬೆರಿಲ್ ಚಹಾ, ಸೌತೆಕಾಯಿ ಸ್ಯಾಂಡ್‌ವಿಚ್ ತರುತ್ತಿದ್ದಳು. ರಿಮೋಟು ಮಾತ್ರ ಹೋರೇಸನ ಕೈ ಬಿಟ್ಟು ಹೋಗುತ್ತಿರಲಿಲ್ಲ.

ಹೀಗೆ ನಡೆಯುತ್ತಿದ್ದಾಗ ಮಾಂಸದಂಗಡಿಯ ಕ್ಲೈವ್ ಗ್ರೇಟೊರೆಕ್ಸ್ ಅಂಗಡಿ ಮುಚ್ಚಿ, ಎರಡು ಮನೆ ಆಚೆಗೆ ವಾಸಕ್ಕೆ ಬಂದ. ಹೋರೇಸನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಬಂದವನು ಉದ್ದನೆಯ ಸಮತಟ್ಟು ತೋಟದಲ್ಲಿ ಸೊಂಟದೆತ್ತರಕ್ಕೆ ಹಳಿ ಕಟ್ಟಿಸಿ, ಅದರ ಮೇಲೆ ನಿಜವಾದ ಉಗಿ ಎಂಜಿನ್ನು ತಂದಿಟ್ಟ. ಕಪ್ಪು ಬಣ್ಣ, ಹಿತ್ತಾಳೆಯ ಗುಮ್ಮಟ. ಗ್ಯಾಸ್ ಹೊತ್ತಿಸಿದರೆ ಚಿಮಣಿಯಲ್ಲಿ ಪುಸ್ ಎಂದು ಬೆಂಕಿ ಹಿಡಿಯುತ್ತಿತ್ತು. ನೀರು ಕುದಿದು ಒತ್ತಡದ ಮುಳ್ಳು ಏರಿದ ಮೇಲೆ ಬಿಸಿ ಎಣ್ಣೆಯ ವಾಸನೆ ಬೇಲಿ ದಾಟಿ ಹೋರೇಸನ ಅಡುಗೆಮನೆಗೂ ಬರುತ್ತಿತ್ತು. ಮೊದಲ ವಾರ ನಮ್ಮಲ್ಲಿ ಇಬ್ಬರು ಅತ್ತ ಹೋದರು. ಜುಲೈ ಹೊತ್ತಿಗೆ ಎಲ್ಲರೂ ಹೋದೆವು.

"ಹೇಗಿದೆ ಅವನ ಎಂಜಿನ್ನು?" ಎಂದು ಹೋರೇಸ್ ಒಮ್ಮೆ ನನ್ನನ್ನು ಕೇಳಿದ.

"ನೀನೇ ಬಂದು ನೋಡು ಮಾರಾಯ."

"ನೋಡೋಕೇನಿದೆ? ಕೆಟಲ್‌ಗೆ ಚಕ್ರ ಹಚ್ಚಿದಂಗೆ. ಕೈಯೆಲ್ಲ ಮಸಿ." ಹಾಗೆಂದವನೇ ಕೇಳಿದ, "ಎಷ್ಟು ಚಕ್ರ ಅದಕ್ಕೆ?"

ಅವತ್ತಿನಿಂದ ಕ್ಲೈವ್‌ನ ಎಂಜಿನ್ನು ಸೀಟಿ ಹಾಕಿದಾಗಲೆಲ್ಲ ಹೋರೇಸನ ಮನೆಯ ರೇಡಿಯೊದ ಸದ್ದು ಜೋರಾಗುತ್ತಿತ್ತು. ಚಳಿಗಾಲವಿಡೀ ಎಂಜಿನ್ನುಗಳ ಪುಸ್ತಕ ತಿರುವಿ, ವಸಂತದಲ್ಲಿ ಪುಟ್ಟ ರೈಲುಗಳ ದೊಡ್ಡ ಪ್ರದರ್ಶನ ನಡೆದಾಗ ಅವನು ಬೆರಿಲ್‌ಳನ್ನು ಕರೆದುಕೊಂಡು ಹೊರಟ. ಕಾರು ಓಡಿಸಿದ್ದು ನಾನು.

ಅಲ್ಲಿ ಉಗಿ ಎಂಜಿನ್ನು ಮಾರುತ್ತಿದ್ದಾಕೆ ಮಿಸೆಸ್ ಓಲ್ಡ್‌ನಾಲ್, ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡ ಗಟ್ಟಿಗಿತ್ತಿ. ನಿಮ್ಮ ತೋಟದಲ್ಲಿ ಅತಿ ಬಿಗಿಯಾದ ತಿರುವು ಯಾವುದು, ಏರು ಎಷ್ಟಿದೆ, ಹಳಿ ನೆಲದ ಮೇಲಿದೆಯೋ ಎತ್ತರದಲ್ಲಿದೆಯೋ, ಬಗ್ಗಿ ಕೆಲಸ ಮಾಡೋಕೆ ಬೆನ್ನು ಒಪ್ಪುತ್ತದೆಯೋ ಎಂದೆಲ್ಲ ವಿಚಾರಿಸಿದಳು. ಹೋರೇಸ್ ಯಾವುದಕ್ಕೂ ನೆಟ್ಟಗೆ ಉತ್ತರ ಕೊಡಲಿಲ್ಲ.

"ನಮ್ಮ ಕಡೆ ಒಬ್ರ ಹತ್ರ ಆರು ಚಕ್ರದ್ದು, ಕಪ್ಪು ಬಣ್ಣದ್ದು ಇದೆ. ಅದಕ್ಕಿಂತ ದೊಡ್ಡದು ಯಾವುದು?" ಎಂದ.

"ಎಂಜಿನ್ನು ಬೇಕಾಗಿರೋದು ನಿಮ್ಮ ತೋಟಕ್ಕೋ, ಅವರ ತೋಟಕ್ಕೋ?"

ಬೆರಿಲ್ ನಗು ತಡೆಯಲಾರದೆ ಪಕ್ಕದ ಮೇಜಿನತ್ತ ಸರಿದಳು. ಅಲ್ಲಿ ನಾಲ್ಕೇ ಚಕ್ರದ ಹಸಿರು ಎಂಜಿನ್ನೊಂದು ಹಬೆ ಬಿಡುತ್ತ ನಿಂತಿತ್ತು. ಅವಳು ಬಗ್ಗಿ ಅದರ ಹಬೆಯ ಕವಾಟವನ್ನು ನೋಡಿ, "ಹೋರೇಸ್, ಇದು ನಮ್ಮ ತಿರುವಿಗೆ ಸರಿಹೋಗುತ್ತೆ ನೋಡು," ಎಂದಳು.

"ಅದು ಆಟದ ಸಾಮಾನು ಕಣೇ," ಎಂದ ಹೋರೇಸ್, ತಿರುಗಿಯೂ ನೋಡದೆ.

ಕೊಂಡದ್ದು ಕೆಂಪು ಎಂಜಿನ್ನು. ಮುಂದೆ ಹಿಂದೆ ಎರಡು ಗುಂಪು ಚಕ್ರ, ಎಳೆಗರುವಿನಷ್ಟು ಭಾರ. ಮನೆಗೆ ಬರುವ ತನಕ ಅದರ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಬೆರಿಲ್‌ಳ ತೊಡೆಯ ಮೇಲಿತ್ತು.

ಮರುದಿನ ಹೋರೇಸ್ ಯಾರನ್ನೂ ಕರೆಯದೆ ಅದನ್ನು ಹಳಿಗಿಟ್ಟ. ರೂಬಾರ್ಬ್ ಪಾತಿಯ ತಿರುವಿಗೆ ಬಂದದ್ದೇ ತಡ, ಎಂಜಿನ್ನು ಹಳಿ ಬಿಟ್ಟು ಪಕ್ಕಕ್ಕೆ ಒರಗಿತು. ಮತ್ತೆ ಇಟ್ಟ, ಮತ್ತೆ ಒರಗಿತು. ತಿರುವನ್ನು ಅಗಲ ಮಾಡದೆ ಗತಿ ಇರಲಿಲ್ಲ, ಅಗಲ ಮಾಡುವುದೆಂದರೆ ರೂಬಾರ್ಬ್ ಕೀಳಬೇಕು. ಅವು ಬೆರಿಲ್ ತನ್ನ ಅಮ್ಮನ ತೋಟದಿಂದ ತಂದು ನೆಟ್ಟ ಗಿಡಗಳು. ಅವಳು ತಂಗಿಯ ಮನೆಗೆ ಹೋದ ದಿನ ಹೋರೇಸ್ ಗುದ್ದಲಿ ಹಿಡಿದು ಅರ್ಧ ಪಾತಿಯನ್ನು ಅಗೆದುಹಾಕಿ ತಿರುವನ್ನು ಸಡಿಲಿಸಿದ. ಅಷ್ಟಾದರೂ ಎಂಜಿನ್ನು ಒರಗುವುದು ತಪ್ಪಲಿಲ್ಲ.

ಬೆರಿಲ್ ಬಂದು ನೋಡಿದಳು. ಕೋಟು ಕೂಡ ತೆಗೆಯದೆ ಕ್ಲೈವ್‌ನ ಮನೆಗೆ ಹೋದಳು. ಆಮೇಲೆ ದಿನವೂ ಹೋಗತೊಡಗಿದಳು.

ಅಷ್ಟು ದಿನ ಎಂಜಿನ್ನಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ಬೇರೆ ಕಡೆ ಹೊರಳಿತು. ಹೋರೇಸನಿಗೆ ಊಟ ಸೇರದು. ಬೆರಿಲ್ ಕೂದಲು ಬಾಚಿಕೊಂಡರೂ ಅನುಮಾನ, ಬಾಚದೆ ಹೋದರೆ ಇನ್ನೂ ಅನುಮಾನ. "ಆ ಕ್ಲೈವ್ ಶಾಲೇಲೂ ಹಿಂಗೇ. ಬೇರೆಯೋರ ಕೈಲಿರೋದೇ ಬೇಕು ಅವನಿಗೆ," ಎಂದು ನನ್ನ ಹತ್ತಿರ ಗೊಣಗಿದ. ಶಾಲೆಯಲ್ಲಿ ಏನಾಗಿತ್ತೆಂದು ಕೇಳಿದರೆ ಹೇಳಲು ಅವನಿಗೆ ಏನೂ ನೆನಪಿರಲಿಲ್ಲ.

ಒಂದು ಮಧ್ಯಾಹ್ನ ತಡೆಯಲಾರದೆ ಹಿಂದಿನ ಓಣಿಗೆ ಹೋಗಿ, ಕ್ಲೈವ್‌ನ ಬೇಲಿಯ ಸಂದಿನಲ್ಲಿ ಇಣುಕಿದ. ಕ್ಲೈವ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದ. ಹಳಿಯ ಪಕ್ಕ ಬೆರಿಲ್, ಕೈಗೆ ಚರ್ಮದ ಗವಸು, ಗಲ್ಲದ ಮೇಲೆ ಮಸಿ. ಅವಳು ಕವಾಟವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಎಂಜಿನ್ನು ಕೆಮ್ಮಿ, ಬಿಸಿನೀರು ಉಗುಳಿ, ನಡೆಯುವವರ ಹೆಜ್ಜೆಗೆ ಹೆಜ್ಜೆಯಾಗಿ ಹೊರಟಿತು. ಬೆರಿಲ್ ಅದರ ಜೊತೆಗೇ ನಡೆದಳು. ಅವಳ ಮುಖದಲ್ಲಿದ್ದ ಕಳೆಯನ್ನು ಹೋರೇಸ್ ತನ್ನ ತೋಟದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಅವಳು ಮನೆಗೆ ಬಂದಾಗ ಅವನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ.

"ಅವನ ಎಂಜಿನ್ನೇ ಬೇಕಾಯ್ತಾ ನಿನಗೆ?"

"ಅವನು ಕೊಟ್ಟ. ನೀನು ಕೊಡಲಿಲ್ಲ."

"ನೀನು ಯಾವತ್ತು ಕೇಳಿದ್ದೆ?"

"ಹಳಿ ಹಾಕಿದ ವರ್ಷ ಕೇಳಿದೆ. ನೀನು ಬಿಸ್ಕತ್ತು ಇದೆಯಾ ಅಂದೆ. ಇನ್ನೊಂದ್ಸಲ ಕೇಳಿದೆ. ರಿಮೋಟು ಸೂಕ್ಷ್ಮ, ಬೀಳಿಸ್ತೀಯ ಅಂದೆ ನೀನು. ಆಮೇಲೆ ನಾನೇ ಬಿಟ್ಟೆ."

"ನನಗೆ ನೆನಪಿಲ್ಲ."

"ನಿನಗೆ ಹೇಗಿರುತ್ತೆ? ನೀನು ಹಳಿ ನೋಡ್ತಿದ್ದೆ." ಅವಳು ನಲ್ಲಿ ಬಿಟ್ಟು ಕೈ ತೊಳೆಯತೊಡಗಿದಳು. "ಕ್ಲೈವ್ ಮೇಲೆ ಅನುಮಾನ ಪಟ್ಯಂತೆ. ನಿನ್ನ ಸ್ನೇಹಿತ ಹೇಳಿದ. ಆ ಮುದುಕನಿಗೆ ಬಟಾಣಿ ಸುಲಿಯೋಕೇ ಪುರುಸೊತ್ತಿಲ್ಲ ಕಣೋ."

ಹೌದು, ಹೇಳಿದ್ದು ನಾನೇ. ಹೋರೇಸ್ ಅದಕ್ಕಾಗಿ ನನ್ನ ಜೊತೆ ಕೆಲವು ದಿನ ಮಾತು ಬಿಟ್ಟಿದ್ದ.

ಜೂನಿನಲ್ಲಿ ಬೆರಿಲ್ ಒಬ್ಬಳೇ ರೈಲು ಹತ್ತಿ ಮಿಸೆಸ್ ಓಲ್ಡ್‌ನಾಲ್‌ಳ ಅಂಗಡಿಗೆ ಹೋಗಿ, ಆ ಹಸಿರು ಎಂಜಿನ್ನನ್ನು ತಂದಳು. ತಮ್ಮ ತೋಟದಲ್ಲೇ ಓಡಿಸಿದಳು. ಅದು ಯಾವ ತಿರುವಿನಲ್ಲೂ ತೊಡರಲಿಲ್ಲ. ಹೋರೇಸ್ ಕಿಟಕಿಯಿಂದ ನೋಡಿದ, ಆಮೇಲೆ ಮೆಟ್ಟಿಲಿಗೆ ಬಂದ, ಆಮೇಲೆ ಹುಲ್ಲಿಗೆ ಇಳಿದ.

"ಒಂದು ಸುತ್ತು ನಾನು ಬಿಡ್ಲಾ?"

"ನಿಂದು ಪೆಟ್ಟಿಗೇಲಿದೆಯಲ್ಲ," ಎಂದಳು ಬೆರಿಲ್.

ಕೆಂಪು ಎಂಜಿನ್ನು ಸಲೀಸಾಗಿ ತಿರುಗುವಷ್ಟು ಅಗಲ ತಿರುವಿನ ಹಳಿ ನಮ್ಮಲ್ಲಿ ಇದ್ದದ್ದು ಒಬ್ಬನ ಬಳಿ ಮಾತ್ರ. ಹೋರೇಸ್ ಒಂದು ವಾರ ಒದ್ದಾಡಿದ. ಕೊನೆಗೆ ಪೆಟ್ಟಿಗೆಯನ್ನು ಮಗುವಿನ ಹಳೇ ಗಾಡಿಯಲ್ಲಿಟ್ಟು ತಳ್ಳಿಕೊಂಡು ಕ್ಲೈವ್‌ನ ಗೇಟಿಗೆ ಹೋದ.

"ಇದನ್ನ ಇಲ್ಲಿ ಸ್ವಲ್ಪ ಓಡಿಸಿ ನೋಡಬೋದಾ?" ಎಂದ, ಗೇಟಿನ ಚಿಲಕವನ್ನು ನೋಡುತ್ತ.

ಕ್ಲೈವ್ ಪೆಟ್ಟಿಗೆ ತೆರೆದು ಎಂಜಿನ್ನಿನ ಮೇಲೆ ಬೆರಳಾಡಿಸಿದ. "ಇದನ್ನೇ ನಾನು ತಗೋಬೇಕು ಅಂತಿದ್ದೆ ಕಣೋ, ಕೈಗೆ ಎಟುಕಲಿಲ್ಲ," ಎಂದ. ಅವನ ದನಿಯಲ್ಲಿದ್ದದ್ದೂ ಹೊಟ್ಟೆಕಿಚ್ಚೇ. ಅದು ಕಿವಿಗೆ ಬಿದ್ದದ್ದೇ ಹೋರೇಸನ ಮುಖ ಅರಳಿತು. ಅವನು ಅಷ್ಟು ಉಲ್ಲಾಸದಿಂದ ಬಾಯ್ಲರಿಗೆ ನೀರು ತುಂಬಿದ್ದನ್ನು ನಾವು ಮತ್ತೆ ನೋಡಲಿಲ್ಲ.

ಆದರೆ ಅವನ ಕೈಯಲ್ಲಿ ಎಂಜಿನ್ನು ಒಂದೋ ಓಡಿಹೋಗುತ್ತಿತ್ತು, ಇಲ್ಲವೋ ನಿಂತುಬಿಡುತ್ತಿತ್ತು. ಕ್ಲೈವ್‌ನ ಕೈಯಲ್ಲೂ ಅಷ್ಟೇ. ಭಾನುವಾರ ನಾವೆಲ್ಲ ಸೇರಿದಾಗ ಬೆರಿಲ್ ಬಂದು ಗವಸು ಹಾಕಿಕೊಂಡು ಕವಾಟ ಹಿಡಿದಳು. ತುಂತುರು ಮಳೆ ಬಿಸಿ ಬಾಯ್ಲರಿನ ಮೇಲೆ ಚುರುಗುಟ್ಟುತ್ತಿತ್ತು. ಅಷ್ಟು ಭಾರದ ಕೆಂಪು ಎಂಜಿನ್ನು, ಹಿಂದೆ ಹನ್ನೆರಡು ಬೋಗಿ, ಬಸವನಹುಳದ ನಡಿಗೆಯಲ್ಲಿ ಸುತ್ತು ಮುಗಿಸಿತು.

ಹೋರೇಸ್, ಕ್ಲೈವ್ ಇಬ್ಬರೂ ಒಂದೇ ಕೊಡೆಯಡಿ ನಿಂತು ನೋಡುತ್ತಿದ್ದರು.

"ನನಗೆ ಯಾಕೆ ಹಂಗೆ ಬರಲ್ಲ?" ಎಂದ ಹೋರೇಸ್.

"ನನಗೂ ಬರಲ್ಲ," ಎಂದ ಕ್ಲೈವ್. "ಕಲಿಸಿದೋನು ಬೇರೆ ನಾನು."

"ಆ ಹಳಿ ಮೇಲೆ ಎಲೆ ಬಿದ್ದಿದೆ," ಎಂದು ಬೆರಿಲ್ ಆ ತುದಿಯಿಂದ ಕೂಗಿದಳು. "ಯಾರಾದ್ರೂ ಒಬ್ರು ತೆಗೀರಿ."

ಇಬ್ಬರೂ ಒಟ್ಟಿಗೇ ಬಗ್ಗಿದರು.