ಮೊದಲ ಕ್ವಾರ್ಟರ್ ಮುಗಿಯೋವರೆಗೂ ಒಳಗೆ ಬರಬೇಡ

ನಮ್ಮ ಯೂನಿವರ್ಸಿಟಿಯ ಫುಟ್‌ಬಾಲ್ ತಂಡಕ್ಕೆ ಮೊದಲ ಕ್ವಾರ್ಟರ್, ಅಂದರೆ ಆಟದ ಮೊದಲ ಕಾಲು ಭಾಗ, ಸ್ನಾನಕ್ಕೆ ನೀರು ಕಾಯಿಸುವ ಹೊತ್ತು. ಮೈದಾನಕ್ಕೆ ಇಳೀತಾರೆ, ಬ್ಯಾಂಡು ಬಾರಿಸುತ್ತೆ, ಜನ ಕಿರುಚ್ತಾರೆ. ಆಟ ಮಾತ್ರ ಶುರುವಾಗೋದು ಎರಡನೇ ಕ್ವಾರ್ಟರ್‌ಗೆ. ಅಷ್ಟರಲ್ಲಿ ಎದುರಿನವರು ಹತ್ತೋ ಹದಿನಾಲ್ಕೋ ಪಾಯಿಂಟ್ ಹೊಡೆದುಕೊಂಡು ಕೂತಿರ್ತಾರೆ.

ಅಮೆರಿಕದ ಈ ಫುಟ್‌ಬಾಲ್ ಗೊತ್ತಿಲ್ಲದವರು ಮಿಷಿಗನ್ ರಾಜ್ಯದ ಕ್ಯಾಂಟನ್‌ನ ನಮ್ಮ ಮನೆಗೆ ಬಂದರೆ ಅಪ್ಪ ಕಬಡ್ಡಿ ಲೆಕ್ಕದಲ್ಲಿ ಹೇಳಿಕೊಡ್ತಾನೆ. ಮಂಡ್ಯದಲ್ಲಿ ಹುಡುಗನಾಗಿದ್ದಾಗ ಆಡಿದವನು. "ರೈಡಿಗೆ ಹೋದಂಗೆ ಕಣ್ರೀ. ನಾಕು ಸಲ ಬಿಡ್ತಾರೆ, ಹತ್ತು ಗಜ ಒಳಕ್ಕೆ ನುಗ್ಗಬೇಕು. ಮೂರರಲ್ಲಿ ಆಗ್ಲಿಲ್ಲ ಅಂದ್ರೆ ನಾಕನೇ ಸಲಕ್ಕೆ ಚೆಂಡನ್ನ ದೂರಕ್ಕೆ ಒದ್ದು ಅವರಿಗೇ ಕೊಟ್ಬಿಡೋದು." ನಮ್ಮವರು ಮಾಡೋದು ಹೆಚ್ಚಾಗಿ ಅದನ್ನೇ. ಒಂದನೇ ಸಲ ಮಧ್ಯಕ್ಕೆ ನುಗ್ಗು. ಎರಡನೇ ಸಲ ಮತ್ತೆ ಮಧ್ಯಕ್ಕೇ ನುಗ್ಗು. ಮೂರನೇ ಸಲ ಅಂಜುತ್ತಾ ಚೆಂಡನ್ನು ಹತ್ತಿರಕ್ಕೇ ಎಸೆಯುವ ಒಂದು ಗಿಡ್ಡ ಪಾಸು. ಆಮೇಲೆ ಒದೆ. ಹೀಗೆ ಆಡಿ ಅಂತ ಗೆರೆಯ ಆಚೆಯಿಂದ ಹೇಳಿ ಕಳಿಸುವವನು ಕೋಚ್. ಅವನ ಮೇಲೆ ನಮ್ಮ ಮನೆಯಲ್ಲಿ ಬಿದ್ದ ಬೈಗುಳ ಯಾವ ಬೀಗರ ಮೇಲೂ ಬಿದ್ದಿಲ್ಲ.

"ಆ ಕೋಚ್‌ನ ನಮ್ಮ ಅಸೆಂಬ್ಲಿ ಲೈನಿಗೆ ಹಾಕ್ಬೇಕು," ಅಂತಾರೆ ಟ್ರಾಯ್ ಅಂಕಲ್. ಟ್ರಾಯ್ ಅನ್ನೋ ಊರಿನಲ್ಲಿರೋದಕ್ಕೆ ಆ ಹೆಸರು. ಅವರು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು, ಶನಿವಾರ ಬಂತೆಂದರೆ ನಮ್ಮ ಸೋಫಾ ಅವರದ್ದು. "ಜೀವಮಾನವೆಲ್ಲಾ ಒಂದೇ ಪಾರ್ಟ್ ಮಾಡ್ತಾನೆ, ಬೇಜಾರೇ ಆಗಲ್ಲ ಪುಣ್ಯಾತ್ಮನಿಗೆ."

ಅಪ್ಪ ಮಾತ್ರ ಕೋಚ್‌ನ ಬಿಟ್ಟುಕೊಡಲ್ಲ. "ಎದುರಿನವರ ಅಳತೆ ನೋಡ್ತಾವ್ನೆ, ಸುಮ್ನಿರಿ."

ನಮ್ಮ ಯೂನಿವರ್ಸಿಟಿ ಅಂತ ಹೇಳುವಾಗ ನಾನು ಆ 'ನಮ್ಮ'ವನ್ನು ಸ್ವಲ್ಪ ಜೋರಾಗಿಯೇ ಹೇಳ್ತೀನಿ. ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ಡಿಗ್ರಿ ಅಂತ ಪಡೆದ ಮೊದಲ ಪ್ರಾಣಿ ನಾನು. ಮೊದಲೇ ಅಮೆರಿಕಕ್ಕೆ ಬಂದಿದ್ದ ಸೋದರತ್ತೆ ವೀಸಾಕ್ಕೆ ಅಪ್ಲೈ ಮಾಡಿ ನಮ್ಮನ್ನು ಕರೆಸಿಕೊಂಡಾಗ ನಾನಿನ್ನೂ ಮಿಡ್ಲ್ ಸ್ಕೂಲು. ಅಪ್ಪ ಕಾರಿನ ಸೀಟು ಹೊಲಿಯುವ ಪ್ಲಾಂಟ್‌ಗೆ ಸೇರಿದ, ಓದಿದ್ದು ಏಳನೇ ಕ್ಲಾಸು. ನನ್ನ ಮೊದಲ ಸೆಮಿಸ್ಟರೂ ನಮ್ಮ ತಂಡದ ಮೊದಲ ಕ್ವಾರ್ಟರ್ ಇದ್ದ ಹಾಗೇ ಇತ್ತು. ಗಣಿತ ಫೇಲು, ಕೆಮಿಸ್ಟ್ರಿ ಅಂಚಿನಲ್ಲಿ. ಬೆಳಿಗ್ಗೆ ಕ್ಲಾಸು, ಸಂಜೆ ಇಂಡಿಯನ್ ಸ್ಟೋರಿನಲ್ಲಿ ಮೆಂತ್ಯ ಸೊಪ್ಪು ತೂಗೋದು. ಬಿಟ್ಟುಬಿಡ್ತೀನಿ, ಪ್ಲಾಂಟ್ ಆಫೀಸಿನಲ್ಲಿ ಕೆಲಸ ನೋಡು ಅಂದೆ. ಅಪ್ಪ ಗ್ಯಾರೇಜಿನಲ್ಲಿ ಹಿಮ ತಳ್ಳುವ ಸಲಿಕೆ ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ಮೊದಲ್ನೇ ರೈಡಲ್ಲಿ ಯಾವನೂ ಪಾಯಿಂಟ್ ತರಲ್ಲ ಕಣವ್ವ. ಯಾವನು ಯಾವ ಕಾಲ್ ಮುಂದಿಕ್ತಾನೆ ಅಂತ ನೋಡ್ಕೊಂಡು, ಸಿಕ್ಕಾಕ್ಕೊಳ್ದೆ ವಾಪಸ್ ಬರಬೇಕು, ಅಷ್ಟೆ. ನೀನು ವಾಪಸ್ ಬಂದಿದೀಯ. ನಾಳೆ ಮತ್ತೆ ಹೋಗು."

ಹೋದೆ. ನಾಲ್ಕು ವರ್ಷದ ಡಿಗ್ರಿಗೆ ನನಗೆ ಐದೂವರೆ ಹಿಡಿಯಿತು. ಅಷ್ಟರಲ್ಲಿ ಮನೆಯ ಮೇಲ್‌ಬಾಕ್ಸು, ಅಪ್ಪನ ಟೋಪಿ, ಅಮ್ಮನ ಕಾಫಿ ಲೋಟ, ಎಲ್ಲದರ ಮೇಲೂ ನನ್ನ ಕಾಲೇಜಿನ ಬಣ್ಣ ಬಂದಿತ್ತು. ಓದಿದ್ದು ಮಗಳು, ಪಾಸಾಗಿದ್ದು ಅಪ್ಪ ಅಂತ ಅಮ್ಮ ಈಗಲೂ ಆಡಿಕೊಳ್ತಾಳೆ.

ಗ್ರಾಜುಯೇಶನ್ ನಡೆದದ್ದು ಅದೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಕೆಳಗೆ ಹುಲ್ಲಿನ ಮೇಲೆ ಸಾವಿರಾರು ಜನ ಕರಿ ಗೌನು, ಕರಿ ಟೋಪಿಯಲ್ಲಿ, ನಾನೂ ಅದರಲ್ಲೊಂದು ಚುಕ್ಕೆ. ಮನೆಯವರು ಎಲ್ಲೋ ಆಕಾಶದ ಹತ್ತಿರ. ಒಬ್ಬೊಬ್ಬರ ಹೆಸರು ಕರೆಯಲಿಲ್ಲ, ಎಲ್ಲರನ್ನೂ ಒಟ್ಟಿಗೆ ಎದ್ದು ನಿಲ್ಲಿಸಿ ಮುಗಿಸಿದರು. ನಾನು ಕತ್ತು ನೋಯುವಷ್ಟು ಹುಡುಕಿದೆ, ಅಪ್ಪ ಕಾಣಲಿಲ್ಲ. ಆಮೇಲೆ ಪಾರ್ಕಿಂಗ್‌ನಲ್ಲಿ "ನೋಡ್ದೆ ಕಣವ್ವ" ಅಂದ. ಇಷ್ಟು ದೂರದಿಂದ ಏನು ನೋಡಿರ್ತಾನೆ, ಸಮಾಧಾನಕ್ಕೆ ಹೇಳ್ತಾನೆ ಅಂದುಕೊಂಡೆ. ಅವತ್ತಿನಿಂದ ನನಗೊಂದು ಆಸೆ. ಅದೇ ಸ್ಟೇಡಿಯಂನಲ್ಲಿ ಅಪ್ಪನ ಪಕ್ಕ ಕೂತು, ಮೊದಲ ಒದೆತದಿಂದ ಕೊನೆಯ ಸೀಟಿಯವರೆಗೆ ಒಂದು ಆಟ ನೋಡಬೇಕು.

ಅದಕ್ಕೆ ಅಡ್ಡ ಬಂದದ್ದು ಗಡಿಯಾರ.

ಕೆಲಸ ಸಿಕ್ಕಿ ನಾನು ಷಿಕಾಗೋ ಪಕ್ಕದ ನೇಪರ್‌ವಿಲ್‌ಗೆ ಹೋದೆ. ಮೊದಲ ಸಲ ಆಟಕ್ಕೆಂದು ಮನೆಗೆ ಡ್ರೈವ್ ಮಾಡಿದಾಗ, ಇಂಡಿಯಾನಾ ದಾಟಿ ಮಿಷಿಗನ್ ಸೇರಿದ ಕೂಡಲೇ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ ಅನ್ನೋದೇ ಮರೆತೆ. ನಾನು ಬಾಗಿಲು ತೆಗೆಯುವಾಗ ಎರಡನೇ ಕ್ವಾರ್ಟರ್ ಶುರುವಾಗಿತ್ತು, ನಮ್ಮವರು ಸೋಲುತ್ತಿದ್ದರು. ಶೂ ಬಿಚ್ಚುವಷ್ಟರಲ್ಲಿ ನಮ್ಮವರು ಚೆಂಡನ್ನು ಎದುರಿನವರ ಕೊನೆಯ ಗೆರೆ ದಾಟಿಸಿದರು, ಟಚ್‌ಡೌನ್. ಅಂಕಲ್ ಸೋಫಾದಿಂದ ಎದ್ದೇ ಬಿಟ್ಟರು. "ಇವಳ ಕಾಲ್ಗುಣ ನೋಡಿ!"

ಮುಗೀತು. ಮುಂದಿನ ಸಲ ಸರಿಯಾದ ಟೈಮಿಗೆ ಬಂದೆ, ಸೋತರು. ಅದರ ಮುಂದಿನ ಸಲ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಯಿತು, ಗೆದ್ದರು. ಅಲ್ಲಿಂದ ಮನೆಯಲ್ಲಿ ಕಾನೂನೇ ಆಯಿತು, ಮೊದಲ ಕ್ವಾರ್ಟರ್ ಮುಗಿಯೋವರೆಗೂ ನಾನು ಟೀವಿ ಮುಂದೆ ಬರುವ ಹಾಗಿಲ್ಲ. ಬೇಗ ಬಂದರೆ ಗ್ಯಾರೇಜು. ಗ್ರಾಜುಯೇಟ್ ಮಗಳು ಅಲ್ಲಿ ಕೂತು ಅವರೆಕಾಯಿ ಸುಲೀತಿದ್ದೆ. ಒಳಗಿನಿಂದ ಅಂಕಲ್ ಕೂಗೋರು, "ಸುಲೀತಿರಮ್ಮಾ, ಇನ್ನೂ ಎರಡು ನಿಮಿಷ ಇದೆ!"

ಹೋದ ನವೆಂಬರಿನಲ್ಲಿ ನಾನು ಕೇಳದೇ ಎರಡು ಟಿಕೆಟ್ ತೆಗೆದೆ. ನಮ್ಮದೇ ಸ್ಟೇಡಿಯಂನಲ್ಲಿ ನಡೆಯುವ ಸೀಸನ್ನಿನ ಕೊನೆಯ ಆಟ. ಅಮ್ಮನಿಗೂ ಒಂದು ತೆಗೀತೀನಿ ಅಂದರೆ ಬರಲ್ಲ ಅಂದಳು, "ಆ ಚಳೀಲಿ ಯಾರು ಕೂರ್ತಾರೆ, ಟೀವೀಲೇ ನಿಮ್ಮಿಬ್ಬರನ್ನ ಹುಡುಕ್ತೀನಿ," ಅಂತ ನಮ್ಮ ಜಾಕೆಟ್ ಜೇಬುಗಳಿಗೆ ಕೋಡುಬಳೆ ತುಂಬಿದಳು. ದಾರಿಯುದ್ದಕ್ಕೂ ಅಪ್ಪ ಗಡಿಯಾರ ನೋಡಿಕೊಳ್ಳುತ್ತಿದ್ದ. ಗೇಟು ದಾಟಿ, ಗ್ಯಾಲರಿಯ ಕೆಳಗೆ ಹಾಟ್ ಚಾಕೊಲೇಟ್ ಮಾರುವ ಕಡೆ ಬಂದ ಮೇಲೆ ನಿಂತ.

"ನೀನು ಇಲ್ಲೇ ಕೂತಿರವ್ವ."

"ಅಪ್ಪಾ, ಟಿಕೆಟ್ ತೆಗೆದವಳು ನಾನು."

"ಗೊತ್ತು. ಇವತ್ತು ಗೆದ್ರೆ ಮುಂದೆ ಇನ್ನೊಂದು ದೊಡ್ಡಾಟ ಐತೆ, ಸೋತ್ರೆ ಈ ವರ್ಷದ ಆಟವೇ ಮುಗೀತದೆ. ಒಂದು ಕ್ವಾರ್ಟರ್ ಅಷ್ಟೆ."

ಹೇಳಿ ಹೋಗೇಬಿಟ್ಟ. ಕಾಂಕ್ರೀಟ್ ಬೆಂಚಿನ ಮೇಲೆ ಕೂತೆ. ತಣ್ಣಗೆ ಕೊರೀತಿತ್ತು. ಮೇಲೆ ಜನ ಒಂದೇ ಬಾಯಲ್ಲಿ ಆರ್ಭಟಿಸಿದರು, ಆಟ ಶುರುವಾಯಿತು, ನಾನು ಕೆಳಗೆ. ಕಣ್ಣಲ್ಲಿ ನೀರು ಬಂದದ್ದು ಚಳಿಗೆ ಅಂತ ಹೇಳಿದರೆ ಸುಳ್ಳಾಗುತ್ತೆ.

ಸ್ವಲ್ಪ ಹೊತ್ತಿಗೆ ಅಪ್ಪ ಮೆಟ್ಟಿಲಿಳಿದು ಬಂದ. ಪಕ್ಕದಲ್ಲಿ ಕೂತು ಜೇಬಿನಿಂದ ಕೋಡುಬಳೆ ತೆಗೆದ.

"ಪಕ್ಕದವನು ಈ ಸೀಟು ಯಾರದ್ದು ಅಂತ ಕೇಳ್ದ. ಮಗಳದ್ದು ಅಂದೆ. ಇದೇ ಕಾಲೇಜಲ್ಲಿ ಓದವಳೆ ಅಂದೆ. ಎಲ್ಲಿ ಅಂತಾನೆ. ಏನಂತ ಹೇಳ್ಲಿ?"

"ಹಂಗಾದ್ರೆ ಬಾ, ಒಳಗೆ ಹೋಗೋಣ."

"ತಡಿ. ಕ್ವಾರ್ಟರ್ ಮುಗೀಲಿ."

ಇಬ್ಬರೂ ಕೂತೆವು. ಅಪ್ಪ ತಲೆಯ ಮೇಲಿನ ಸದ್ದು ಕೇಳಿಕೊಂಡೇ ಆಟ ಹೇಳತೊಡಗಿದ. ಜನ ಸಣ್ಣಗೆ ಹ್ಞೂಂ ಅಂದರು. "ಮಧ್ಯಕ್ಕೆ ನುಗ್ಗಿದ, ಎರಡು ಗಜ." ಮತ್ತೆ ಹ್ಞೂಂ. "ಮತ್ತೆ ಮಧ್ಯಕ್ಕೇ." ಉದ್ದಕ್ಕೆ ಒಂದು ನಿಟ್ಟುಸಿರು. "ಗಿಡ್ಡ ಪಾಸು, ಸಾಲ್ಲಿಲ್ಲ. ಈಗ ಒದೀತಾರೆ." ಹೋಗಿ ನೋಡುವ ಅಗತ್ಯವೇ ಇರಲಿಲ್ಲ. ನನಗೆ ನಗು ಬಂತು, ಅವನಿಗೂ ಬಂತು.

ಇನ್ನೂ ನಗುತ್ತಲೇ, ಎದುರಿನವರೂ ಒದ್ದು ಚೆಂಡು ವಾಪಸ್ ಕೊಟ್ಟರು ಅಂತ ಅಪ್ಪ ಹೇಳುತ್ತಿರುವಾಗಲೇ ಮೇಲೆ ಗ್ಯಾಲರಿ ಸಿಡಿದ ಹಾಗೆ ಸದ್ದಾಯಿತು. ಬೆಂಚು ನಡುಗಿತು.

"ಇದೇನಿದು?" ಅಪ್ಪ ಎದ್ದು ನಿಂತ. ಈ ಸದ್ದು ಅವನ ಪಟ್ಟಿಯಲ್ಲಿರಲಿಲ್ಲ. ಮಂಡಿ ನೋವು ಮರೆತು ಮೆಟ್ಟಿಲು ಹತ್ತಿದ, ಹಿಂದೆ ನಾನು. ದೊಡ್ಡ ಪರದೆಯ ಮೇಲೆ ಮತ್ತೆ ತೋರಿಸುತ್ತಿದ್ದರು. ಮೊದಲನೇ ಸಲಕ್ಕೇ ನಮ್ಮವರ ಅರ್ಧ ಮೈದಾನದಷ್ಟು ಉದ್ದದ ಪಾಸು, ಟಚ್‌ಡೌನ್. ಗಡಿಯಾರ ನೋಡಿದರೆ ಮೊದಲ ಕ್ವಾರ್ಟರ್ ಇನ್ನೂ ಮುಗಿದಿರಲಿಲ್ಲ.

"ಉದ್ದ ಪಾಸಾ? ಈಗ್ಲೇ?" ಅಪ್ಪನಿಗೆ ಖುಷಿಗಿಂತ ಹೆಚ್ಚಾಗಿ ಕೋಚ್ ಮೋಸ ಮಾಡಿದ ಹಾಗಾಗಿತ್ತು. ನನ್ನ ಫೋನು ಗುರ್ರೆಂದಿತು, ಟ್ರಾಯ್ ಅಂಕಲ್. 'ಕಣ್ಣಾರೆ ನೋಡಿದ್ರಾ?'

"ನೋಡಿದ್ವಿ ಅಂತ ಹಾಕು," ಅಂದ ಅಪ್ಪ.

ಸೀಟಿನಲ್ಲಿ ಕೂತೆ. ಈ ಸಲ ಅಪ್ಪ ಏಳು ಅನ್ನಲಿಲ್ಲ. ಪಕ್ಕದವನಿಗೆ ಬೆರಳು ಮಾಡಿ ನನ್ನ ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿ, ಮೈದಾನದ ನಡುವಿನ ಕಡೆಗೆ ಬೆರಳು ಮಾಡಿದ.

"ಅಗೋ, ಆ ನಲವತ್ತು ಗಜದ ಗೆರೆ ಐತಲ್ಲ, ಅಲ್ಲೇ ನಿಂತಿದ್ದೆ ನೀನು ಅವತ್ತು. ಎಲ್ರೂ ಕೈ ಬೀಸ್ತಿದ್ರು, ನೀನೊಬ್ಳು ಟೋಪಿ ಹಿಡ್ಕೊಂಡು ನಿಂತಿದ್ದೆ, ಎಡಗೈಲಿ. ಅಮ್ಮ ಮುಡಿಸಿದ ಮಲ್ಲಿಗೆ ದಪ್ಪ ಆಗಿತ್ತು, ಟೋಪಿ ಕೂರ್ತಾನೇ ಇರ್ಲಿಲ್ಲ."

ನಿಜ. ಆ ಟೋಪಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅವನ ಜೇಬಿಗೆ ಕೈ ಹಾಕಿ ಕೋಡುಬಳೆ ತೆಗೆದುಕೊಂಡೆ.

ಅಷ್ಟರಲ್ಲಿ ಚೆಂಡು ಮತ್ತೆ ನಮ್ಮವರ ಕೈಗೆ ಬಂತು. ಮಧ್ಯಕ್ಕೆ ನುಗ್ಗಿದರು. ಎರಡು ಗಜ.

"ಹಾಂ," ಅಂದ ಅಪ್ಪ, ನಿರಾಳವಾಗಿ ಹಿಂದಕ್ಕೊರಗಿ.