ಹೂವಮ್ಮನ ನಿಜವಾದ ವಯಸ್ಸು

ಶಿಕಾರಿಪುರದ ಮಂಡಕ್ಕಿ ಭಟ್ಟಿಯಲ್ಲಿ ಈಗ ಬೆಳಗಿನ ಐದೂವರೆ. ಹೂವಮ್ಮ ಕಾದ ಮರಳಿಗೆ ಬೊಗಸೆ ಅಕ್ಕಿ ಎರಚುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ತುಂಬ ಬಿಳಿ ಮಂಡಕ್ಕಿ! ಜರಡಿಯಲ್ಲಿ ಮರಳು ಉದುರಿಸಿ ಚೀಲಕ್ಕೆ ಸುರಿಯುತ್ತಾರೆ. ಮಧ್ಯಾಹ್ನದೊಳಗೆ ಹನ್ನೆರಡು ಚೀಲ ಆಗಬೇಕು. "ದೂರ ನಿಂತ್ಕಳ್ರೀ, ಮರಳು ಸಿಡೀತೈತೆ" ಎಂದು ನನ್ನನ್ನು ಗದರುತ್ತಾರೆ. ಪತ್ರಿಕೆಗೆ ಬರೆಯುವ ನಾನು ಬಂದಿರುವುದು ಮಂಡಕ್ಕಿಗಲ್ಲ, ಗೂಟಕ್ಕೆ ನೇತುಹಾಕಿದ ಕೈಚೀಲದಲ್ಲಿರುವ ಎರಡು ನೋಟ್‌ಬುಕ್ಕುಗಳಿಗೆ.

ಅವು ಹೂವಮ್ಮನ ಆತ್ಮಕಥೆ. ದೊಡ್ಡವರಾದ ಮೇಲೆ ಸಾಕ್ಷರತಾ ತರಗತಿಗೆ ಹೋಗಿ ಅಕ್ಷರ ಕಲಿತವರು, ಎರಡು ವರ್ಷದಿಂದ ಊಟದ ಬಿಡುವಿನಲ್ಲಿ ಅರ್ಧರ್ಧ ಪುಟ ಬರೆಯುತ್ತಿದ್ದಾರೆ. ಒತ್ತಕ್ಷರ ಹೆಚ್ಚುಕಡಿಮೆ ಆಗುತ್ತದೆ, ಆಗಲಿ ಬಿಡಿ. ಸೊರಬ ತಾಲ್ಲೂಕಿನ ಜಡೆಯಲ್ಲಿ ಹುಟ್ಟು, ಆರನೇ ವಯಸ್ಸಿಗೇ ತಬ್ಬಲಿ, ಸೋದರಮಾವನ ಮನೆಯಲ್ಲಿ ದನ ಕಟ್ಟುವ ಹಗ್ಗದಿಂದ ಏಟು. ಹನ್ನೆರಡಕ್ಕೆ ಮದುವೆ, ಹದಿಮೂರಕ್ಕೆ ತಾಯಿ. ಓದುತ್ತಾ ನನಗೆ ಸಿಟ್ಟು ಬಂತು.

ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವಾಗ ಅತ್ತೆ ಹನುಮಮ್ಮ ದಾರಿಯುದ್ದಕ್ಕೂ ಒಂದೇ ಪಾಠ ಹೇಳಿಕೊಟ್ಟಿದ್ದರು: ಕೇಳಿದರೆ ಹದಿನೆಂಟು ಅನ್ನು.

"ಡಾಕ್ಟರಮ್ಮ ಹೆಸರೇನು ಅಂದ್ರು. ಹದಿನೆಂಟು ಅಂದೆ. ಯಾವೂರು ಅಂದ್ರು. ಹದಿನೆಂಟು. ನೋವು ಎಲ್ಲೈತೆ ಅಂದ್ರೂ ಅದೇ. ಹೆದ್ರಿಕೆಗೆ ಬೇರೆ ಮಾತೇ ಬರ್ಲಿಲ್ಲ ನೋಡ್ರೀ." ಅಲ್ಲಿದ್ದವರೆಲ್ಲ ನಕ್ಕರು, ಚೀಟಿಯಲ್ಲಿ ಹದಿನೆಂಟೇ ಬರೆದುಕೊಂಡರು. ಅಂದಿನಿಂದ ಎಲ್ಲ ಕಾಗದಗಳಲ್ಲೂ ಹೂವಮ್ಮನಿಗೆ ಐದು ವರ್ಷ ಹೆಚ್ಚು.

ಅಂದು ಹುಟ್ಟಿದ ಮಗಳು ಶ್ರೀಲತಾಗೆ ಈಗ ಹದಿನೈದು, ಒಂಬತ್ತನೇ ತರಗತಿ. ಕಳೆದ ತಿಂಗಳು ಅಂಬ್ಲಿಗೊಳದ ಕಡೆಯಿಂದ ಒಂದು ಸಂಬಂಧ ಬಂತು. ಹನುಮಮ್ಮ ಒಪ್ಪಿಯೂಬಿಟ್ಟರು. ಹುಡುಗಿ ನೋಡಲು ಬರುವ ಹಿಂದಿನ ದಿನ ಮೊಮ್ಮಗಳಿಗೂ ಅದೇ ಪಾಠ: "ಯಾರೇ ಕೇಳ್ಲಿ, ಹದಿನೆಂಟು ಅನ್ನು."

ಹೂವಮ್ಮ ಜಗಳವಾಡಲಿಲ್ಲ. ನೋಟ್‌ಬುಕ್ಕನ್ನು ಮಗಳ ಕೈಗಿಟ್ಟು, "ಅಜ್ಜಿಗೆ ಓದಿ ಹೇಳು" ಎಂದರು.

ಹೆಸರು ಕೇಳಿದರೆ ಹದಿನೆಂಟು ಎಂದ ಕಡೆ ಹನುಮಮ್ಮ ಮೊದಲು ನಕ್ಕರಂತೆ. ಹೆದರಿಕೆಗೆ ಬೇರೆ ಮಾತೇ ಬರಲಿಲ್ಲ ಎಂಬ ಸಾಲಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರಂತೆ. ಮರುದಿನ ನೆಂಟರ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟವರೂ ಅವರೇ, ಮಾತಾಡಿದವರೂ ಅವರೇ: "ಹುಡುಗಿಗೆ ಇನ್ನೂ ಹದಿನೈದ್ರೀ, ಓದ್ತೈತೆ. ನೀವು ತಿಂಡಿ ತಿಂದು ಹೊರಡ್ರಿ."

ಮೂರನೇ ನೋಟ್‌ಬುಕ್ ಶುರುವಾಗಿದೆ. ಪುಸ್ತಕ ಮಾಡಿಸುವ ಆಸೆಯುಂಟೇ ಎಂದರೆ ಹೂವಮ್ಮ ಬೇಡವೆಂದು ಕೈಯಾಡಿಸಿಬಿಡುತ್ತಾರೆ. "ಅಯ್ಯೋ, ಅದೆಲ್ಲ ದೊಡ್ಡೋರ ಮಾತು. ನಮ್ ಶ್ರೀಲತಾ ಎಸ್ಸೆಸ್ಸೆಲ್ಸಿ ಪಾಸಾದ್ರೆ ಸಾಕ್ರೀ."

ಹೊರಡುವ ಮುನ್ನ ರೂಢಿಯಂತೆ ವಯಸ್ಸು ಕೇಳುತ್ತೇನೆ. ರೇಷನ್ ಕಾರ್ಡಿನಲ್ಲಿ ಮೂವತ್ತಮೂರು ಎಂದಿದೆ. ಹೂವಮ್ಮ ಜರಡಿ ಕೆಳಗಿಡುತ್ತಾರೆ.

"ಇಪ್ಪತ್ತೆಂಟು. ಪೇಪರ್‌ನಾಗೆ ಹಂಗೇ ಹಾಕ್ರೀ."