ಏಳನೇ ಮಂಚದ ಅಜ್ಜಿಗೆ ಹೇಳಿದ ಸುಳ್ಳು

ನಾನು ನರ್ಸಿಂಗ್ ಕಲಿಯಲು ಸೇರಿದಾಗ ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿತ್ತು. ಅಲ್ಲಿನ ನಮ್ಮ ಮನೆಯಲ್ಲಿ ಅರೆಭಾಷೆ ಬಿಟ್ಟು ಬೇರೆ ಮಾತಿರಲಿಲ್ಲ. ಹಾಸ್ಟೆಲಿಗೆ ಬಂದ ದಿನ ಮೇಟ್ರನ್, "ತಟ್ಟೆ, ಲೋಟ ತಂದಿದ್ದೀಯಾ?" ಎಂದು ಕೇಳಿದರು. "ಉಟ್ಟು" ಎಂದೆ. ಇದೆ ಎನ್ನಲು ನಾವು ಹೇಳುವುದೇ ಹಾಗೆ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, "ಏನು ಉಟ್ಟು? ಸೀರೆನಾ?" ಎಂದಳು. ಎಲ್ಲರೂ ನಕ್ಕರು. ಅಂದಿನಿಂದ ಪುಸ್ತಕದ ಕನ್ನಡವನ್ನೇ ಆಡತೊಡಗಿದೆ. ಕೇಳಿದವರಿಗೆ ಮೈಸೂರಿನವಳು ಎಂದೂ ಹೇಳಿಬಿಡುತ್ತಿದ್ದೆ.

ಎರಡನೇ ವರ್ಷ ಹೆಂಗಸರ ವಾರ್ಡಿನ ಏಳನೇ ಮಂಚಕ್ಕೆ ಒಬ್ಬ ಅಜ್ಜಿ ಬಂದರು. ಎಡಗೈ ಎತ್ತಲಾಗುವುದಿಲ್ಲ, ತೋಳು ನೋವು ಎಂದಷ್ಟೇ ಹೇಳಿದ್ದರು. ಬೆಳಿಗ್ಗೆ ಅವರ ಮೈ ಒರೆಸುವುದು ನನ್ನ ಕೆಲಸ. ಬಿಸಿನೀರಿನ ಬೋಗುಣಿ ಇಟ್ಟು ರವಿಕೆಗೆ ಕೈ ಹಾಕಿದರೆ ಅವರು ಸೆರಗನ್ನು ಗಟ್ಟಿಯಾಗಿ ಎಳೆದುಕೊಂಡರು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಕೇಳಿದರು: "ಗೂಡೆ, ನೀ ನಮ್ಮ ಕಡೆಯವ ಅಲ್ಲನಾ? ನಂಗೆ ಒಂದ್ ವಿಷಯ ಹೇಳಿಕೆ ಉಟ್ಟು. ಬೇರೆವ್ಕೆ ಹೇಳಿಕೆ ನಾಚಿಕೆ ಆದೆ."

ನಮ್ಮಲ್ಲಿ ಹುಡುಗಿಯನ್ನು ಗೂಡೆ ಎಂದೇ ಕರೆಯುವುದು. ಎಷ್ಟೋ ತಿಂಗಳಾಗಿತ್ತು ಆ ಮಾತು ಕೇಳಿ. ಆದರೆ ಪಕ್ಕದ ಮಂಚದಲ್ಲಿ ಹಾಸಿಗೆ ಬದಲಾಯಿಸುತ್ತಿದ್ದವಳು ಅಂದು "ಸೀರೆನಾ?" ಎಂದಿದ್ದ ಅದೇ ಹುಡುಗಿ.

"ಇಲ್ಲ ಅಜ್ಜಿ, ನಾನು ಮೈಸೂರಿನವಳು. ಏನಿದ್ದರೂ ಡಾಕ್ಟರಿಗೆ ಹೇಳಿ," ಎಂದೆ.

ಅವರು ಸೆರಗಿನ ಹಿಡಿತ ಬಿಡಲಿಲ್ಲ. ಮುಖ, ಕೈಕಾಲು ಮಾತ್ರ ಒರೆಸಿ, ಪೂರ್ತಿ ಸ್ನಾನವಾಯಿತೆಂದು ವಾರ್ಡಿನ ಪುಸ್ತಕದಲ್ಲಿ ಬರೆದೆ. ಡಾಕ್ಟರು ರವಿಕೆಯ ಮೇಲಿನಿಂದಲೇ ಭುಜ ಒತ್ತಿ ನೋಡಿ, ವಾಯುನೋವು ಎಂದು ಹಚ್ಚುವ ಎಣ್ಣೆ ಕೊಟ್ಟರು. ನಾಲ್ಕನೆಯ ದಿನ ಅಜ್ಜಿಯನ್ನು ಮನೆಗೆ ಕಳಿಸಿದರು.

ಮುಂದಿನ ಬೇಸಿಗೆ ರಜೆಗೆ ಊರಿಗೆ ಹೋದೆ. ಅವ್ವ ತನ್ನ ತವರಿನ ಕಡೆಯ ಒಬ್ಬರಿಗೆ ತುಂಬಾ ಕಷ್ಟವಾಗಿದೆ ಎಂದಳು. "ಎದೆಲಿ ಗಂಟಾಗಿ ಒಡ್ದುಟ್ಟು. ನೀ ನರ್ಸ್ ಕಲಿಯವ ಅಲ್ಲಾ, ಒಮ್ಮೆ ನೋಡ್."

ಹೋಗಿ ನೋಡಿದರೆ ಏಳನೇ ಮಂಚದ ಅಜ್ಜಿ. ಅವ್ವ ಅಡುಗೆಮನೆ ಕಡೆ ಹೋದ ಮೇಲೆ ಹತ್ತಿರ ಕೂತು, "ಅಜ್ಜಿ, ಅಂದ್ ನಾ ಸುಳ್ಳ್ ಹೇಳ್ದೆ," ಎಂದೆ.

"ನಂಗೆ ಆಗಳೇ ಗೊತ್ತಿತ್ತ್. ನಿಂದ್ ನಿನ್ನ ಅವ್ವನದೇ ಮುಖ."

"ಗೊತ್ತಿದ್ದೂ ಯಾಕೆ ಹೇಳಿತಿಲ್ಲೆ?"

"ನೀನೇ ನಮ್ಮವ ಅಲ್ಲ ಹೇಳ್ದ ಮೇಲೆ ನಾ ಎಂತ ಹೇಳ್ದು ಗೂಡೆ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ. ಆಸ್ಪತ್ರೆಗೆ ಹೋಗೋಣ, ನಾನೇ ಜೊತೆಗಿರುತ್ತೇನೆ ಎಂದು ಎಷ್ಟು ಬೇಡಿದರೂ ಅವರು ಒಪ್ಪಲಿಲ್ಲ. ಒಪ್ಪಿದ್ದರೂ ಆಗ ಏನೂ ಆಗುತ್ತಿರಲಿಲ್ಲ ಎಂಬುದು ಹುಣ್ಣನ್ನು ನೋಡಿದಾಗಲೇ ನನಗೆ ತಿಳಿದಿತ್ತು. ಆರು ತಿಂಗಳ ಹಿಂದೆ ತಿಳಿದಿದ್ದರೆ? ಆಗಲೂ ಉಳಿಯುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ. ಅದನ್ನು ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ.

ರಜೆ ಮುಗಿಯುವವರೆಗೆ ದಿನಾ ಹೋಗಿ, ಬಟ್ಟೆ ಕುದಿಸಿ, ಹುಣ್ಣು ತೊಳೆದು ಕಟ್ಟಿದೆ. ಮಳೆಗಾಲದಲ್ಲಿ ಅವರು ತೀರಿಕೊಂಡರೆಂದು ಕಾಗದ ಬಂತು. ನಾನು ಪರೀಕ್ಷೆ ಪಾಸಾದೆ, ಕೆಲಸಕ್ಕೂ ಸೇರಿದೆ.

ಅವ್ವನಿಗೆ ಮಾತ್ರ ಈ ಸಂಗತಿ ಹೇಳಲಾಗಲಿಲ್ಲ. ಮನೆಗೆ ಬಂದ ನೆಂಟರ ಮುಂದೆಲ್ಲ ಅವಳು, ಮಗಳು ರಜೆಯಲ್ಲೂ ಕೂರದೆ ಒಬ್ಬ ಮುದುಕಿಯ ಹುಣ್ಣು ತೊಳೆದಳೆಂದು ಹೊಗಳುತ್ತಿದ್ದಳು. ಅವರು ತಲೆದೂಗುತ್ತಿದ್ದರು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.